ಕಾಲ್ಬೆರಳಿಗೆ ಕಟ್ಟಿದ ದಾರ

ಹೆಣ ಮಲಗಿಸಬೇಕು ಬನ್ನಿ ಎಂದು ಮ್ಯಾನೇಜರು ಕರೆದಾಗ ನಾನು ಶಾವಿಗೆಯ ಹಿಟ್ಟು ತೊಳಸುತ್ತಿದ್ದೆ. ಅಕ್ಕಿ ಹಿಟ್ಟು ಕುದಿಯುವ ನೀರಿಗೆ ಬಿದ್ದ ಮೇಲೆ ಕೋಲು ಬಿಡುವ ಹಾಗಿಲ್ಲ, ಬಿಟ್ಟರೆ ಗಂಟು.

"ಸತ್ತೋನು ಎಲ್ಲಿಗೂ ಹೋಗಲ್ಲ ಸಾರ್, ಹಿಟ್ಟು ಹೋಗ್ತದೆ. ತಡೀರಿ" ಎಂದೆ.

"ಅವ್ನು ಸತ್ತಿಲ್ಲ ಅಜ್ಜಿ, ಬೇಜಾರಾಗಿ ಎದ್ದೋದ್ರೂ ಹೋದ. ಬೇಗ ಬನ್ನಿ" ಎಂದರು.

ನಾನು ಅಡುಗೆ ಮಾಡುವ ಹೋಟೆಲು ಅಜ್ಜಂಪುರದಿಂದ ತರೀಕೆರೆಗೆ ಹೋಗುವ ರಸ್ತೆಯಲ್ಲಿದೆ. ಹಿಂದೆ ಯಾರೋ ಮರದ ವ್ಯಾಪಾರಿ ಕಟ್ಟಿಸಿದ ಬಂಗಲೆ. ತೇಗದ ಕಂಬ, ಕೆಂಪು ನೆಲ, ಒಂದು ಕೈಯಲ್ಲಿ ತಳ್ಳಲಾಗದ ಬಾಗಿಲುಗಳು. ಹಳೆಯದು ಎನ್ನುವುದೇ ಅದರ ಬಂಡವಾಳ. ಸೋರಿದರೂ ಅದಕ್ಕೊಂದು ಕತೆ ಹೇಳಿ ಕೋಣೆ ಕೊಡುತ್ತಾರೆ. ಆ ವಾರದ ಕೊನೆಗೆ ಅಲ್ಲಿ ಮೊದಲ ಸಲ ಕೊಲೆಯ ಆಟ ಇಟ್ಟಿದ್ದರು. ಬೆಂಗಳೂರಿನವರು ಶನಿವಾರ ಬಂದು ಭಾನುವಾರದವರೆಗೆ ಉಳಿಯುತ್ತಾರೆ. ನಡುವೆ ಒಬ್ಬ ಸತ್ತಂತೆ ಮಲಗುತ್ತಾನೆ. ಕೊಂದವರು ಯಾರು ಎಂದು ಬಂದವರು ಮನೆಯೆಲ್ಲ ಹುಡುಕಬೇಕು. ಆಟ ಆಡಿಸಲು ಒಬ್ಬ ಹುಡುಗಿಯೂ ಅಲ್ಲಿಂದಲೇ ಬಂದಿದ್ದಳು. ಕತೆ ಅವಳದೇ. ಬಂಗಲೆಯ ಚಿಕ್ಕ ಯಜಮಾನ ರಾತ್ರಿ ಹಾಲು ಕುಡಿದು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಬಂದವರೆಲ್ಲ ಅವನ ನೆಂಟರು, ಬೆಳಿಗ್ಗೆ ಕಡೆಯ ಸಲ ಮುಖ ನೋಡುವುದಕ್ಕೆ ಸೇರುತ್ತಾರೆ.

ಚಿಕ್ಕ ಯಜಮಾನನಾಗಿ ನಿಂತವನು ನಮ್ಮಲ್ಲೇ ಕೋಣೆಗಳನ್ನು ನೋಡಿಕೊಳ್ಳುವ ಆಳು. ಎತ್ತರವಾಗಿದ್ದಾನೆ, ಮೀಸೆ ಚೆನ್ನಾಗಿದೆ, ಅದಕ್ಕೇ ಆರಿಸಿದರು. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಈ ಆಟ ಚೆನ್ನಾಗಿ ನಡೆದರೆ ಮಾಡುತ್ತೇನೆ ಎಂದು ಮ್ಯಾನೇಜರು ಮಾತು ಕೊಟ್ಟಿದ್ದರು. ಅವನ ಹೆಂಡತಿ ನನ್ನ ಜೊತೆ ಅಡುಗೆಮನೆಯಲ್ಲಿ. ಏಳು ತುಂಬಿದ ಬಸುರಿ. ಹಿಂದೆ ಎರಡು ಬಸಿರು ನಿಂತಿರಲಿಲ್ಲ. ಅದಕ್ಕೇ ಅವಳಿಂದ ನಾನು ಕೊಡ ಎತ್ತಿಸುತ್ತಿರಲಿಲ್ಲ, ತೆಂಗಿನಕಾಯಿಯನ್ನೂ ನಾನೇ ಒಡೆಯುತ್ತಿದ್ದೆ.

ಶನಿವಾರ ಸಂಜೆ ಅವನು ರೇಷ್ಮೆ ಪಂಚೆ, ಕೋಟು ಹಾಕಿಕೊಂಡು ಮೆಟ್ಟಿಲು ಇಳಿದಾಗ ಅವಳು ಬಾಗಿಲ ಸಂದಿಯಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು.

"ನೋಡಜ್ಜಿ, ಮನೇಲಿ ಲುಂಗಿ ಕಟ್ಟೋಕೂ ಸೋಮಾರಿ. ಇಲ್ಲಿ ನೋಡು ಗತ್ತು."

"ನಾಳೆ ಸಾಯ್ತಾನಲ್ಲೇ."

"ಸಾಯ್ಲಿ ಬಿಡಜ್ಜಿ. ಊಟದ ಹೊತ್ಗೆ ಎದ್ಬತ್ತಾನೆ."

ಇಷ್ಟು ಹಗುರವಾಗಿ ತೆಗೆದುಕೊಂಡಿದ್ದಳು. ಅದನ್ನು ಹೇಳಲೇಬೇಕು, ಏಕೆಂದರೆ ಮಾರನೆಯ ದಿನ ಆದದ್ದಕ್ಕೆ ಅವಳ ಅಂಜುಬುರುಕುತನ ಕಾರಣವಲ್ಲ.

ಭಾನುವಾರ ಬೆಳಿಗ್ಗೆ ಬಂದವರೆಲ್ಲ ಮಹಡಿಯಲ್ಲಿ ತಿಂಡಿ ತಿನ್ನುತ್ತಿದ್ದರು. ಗಂಟೆ ಬಾರಿಸಿದ ಮೇಲೆ ಅವರು ಕೆಳಗೆ ಬರಬೇಕು, ಹೆಣ ನೋಡಬೇಕು. ನಾನು ಹಿಟ್ಟು ಬೇಯಿಸಿ, ಉಂಡೆ ಕಟ್ಟಿ, ಸೌದೆ ಒಲೆಯ ಮೇಲಿನ ಹಂಡೆಗೆ ಬಿಟ್ಟು ನಡುಮನೆಗೆ ಬಂದೆ. ಅವನನ್ನು ಹಾಸಿಗೆಯ ಮೇಲೆ ಮಲಗಿಸಿ ಎದೆಯ ಮೇಲೊಂದು ಗುಲಾಬಿ ಇಟ್ಟಿದ್ದರು. ತಲೆ ಎತ್ತಲೋ ಇತ್ತು.

"ಇದು ಸಿನಿಮಾ ಥರ ಕಾಣ್ತಿದೆ ಅಜ್ಜಿ. ನಿಮ್ಮ ಕಡೆ ಹೇಗೆ ಮಾಡ್ತೀರೋ ಹಾಗೇ ಮಾಡಿ. ಒಂದೂ ಬಿಡಬೇಡಿ" ಎಂದಳು ಆಟದ ಹುಡುಗಿ.

ಶಿವನಿ ಪಕ್ಕದ ನಮ್ಮೂರಿನಲ್ಲಿ ಯಾರಾದರೂ ಹೋದರೆ ನನ್ನನ್ನೇ ಕರೆಯುತ್ತಾರೆ. ಅಳುವವರಿಂದ ಆ ಕೆಲಸ ಆಗುವುದಿಲ್ಲ. ನನಗೆ ಅಳು ಬರುವುದಿಲ್ಲ, ಅದಕ್ಕೇ ಕರೆಯುತ್ತಾರೆ. ಹಾಸಿಗೆ ತೆಗೆಸಿದೆ, ಚಾಪೆ ಹಾಸಿದೆ. ತಲೆಯನ್ನು ದಕ್ಷಿಣಕ್ಕೆ ತಿರುಗಿಸಿದೆ. ದವಡೆ ಬೀಳದ ಹಾಗೆ ಗಲ್ಲದ ಕೆಳಗಿಂದ ನೆತ್ತಿಗೆ ಬಟ್ಟೆ ಕಟ್ಟಿದೆ. ಹಣೆಗೆ ನಾಣ್ಯ. ತಲೆಯ ಹತ್ತಿರ ಒಂದೇ ಬತ್ತಿಯ ದೀಪ. ಕೊನೆಗೆ ಎರಡು ಕಾಲಿನ ಹೆಬ್ಬೆರಳು ಜೋಡಿಸಿ ಬಿಳಿ ದಾರದಲ್ಲಿ ಬಿಗಿದೆ. ಕೈ ಒಂದು ಸಲ ಹಿಡಿದ ಕೆಲಸವನ್ನು ಅರ್ಧಕ್ಕೆ ನಿಲ್ಲಿಸುವುದಿಲ್ಲ.

"ಅಜ್ಜಿ, ಬಿಗಿಯಾಯ್ತು."

"ಹೆಣ ಮಾತಾಡಲ್ಲ, ಸುಮ್ನಿರೋ."

ಹುಡುಗಿ ಚಪ್ಪಾಳೆ ತಟ್ಟಿದಳು. ಮ್ಯಾನೇಜರು ಒಂದು ಹೆಜ್ಜೆ ಹಿಂದೆ ಸರಿದರು. ಅವರು ಕಡೂರಿನವರು, ಅವರಿಗೆ ಗೊತ್ತಾಗುತ್ತದೆ.

ಅಷ್ಟರಲ್ಲಿ ಅವನ ಹೆಂಡತಿ ಮ್ಯಾನೇಜರಿಗೆ ಕಾಫಿ ತಂದಳು. ಗಂಡನ ಮುಖ ನೋಡಲಿಲ್ಲ, ಕಾಲು ನೋಡಿದಳು. ಲೋಟವನ್ನು ಕಿಟಕಿಯ ಮೇಲಿಟ್ಟು ಹಿಂದಕ್ಕೆ ಹೋದಳು. ಅಡುಗೆಮನೆಯಿಂದ ಚುಂಯ್ ಎಂದು ಸದ್ದು ಬಂತು. ನಾನು ಓಡಿ ಹೋಗಿ ನೋಡಿದರೆ ಒಲೆಗೆ ಒಂದು ಕೊಡ ನೀರು ಸುರಿದಿದ್ದಳು. ಕೊಡವನ್ನು ಅವಳೇ ಎತ್ತಿದ್ದಳು.

ನನ್ನ ಕೈಕೆಳಗಿನ ಇನ್ನಿಬ್ಬರು ಹೆಂಗಸರೂ ಗ್ಯಾಸಿನ ಒಲೆ ಆರಿಸಿ ಸೆರಗು ಬಿಗಿದು ನಿಂತಿದ್ದರು.

"ಏನ್ರೇ ಇದು, ಆಟ ಕಣ್ರೇ!"

"ಆಟ ಅಂತ ನಮ್ಗೂ ಗೊತ್ತು" ಎಂದಳು ಮಸಾಲೆ ರುಬ್ಬುವವಳು. "ಕಟ್ಟಿದ್ಮೇಲೆ ಕಟ್ಟಿದ್ದೇ ಅಲ್ವಾ? ಹೆಣ ಮನೇಲಿದ್ರೆ ಒಲೆ ಉರಿಸ್ತಾರಾ? ನೀವೇ ಹೇಳಿ."

ಹೇಳುವುದೇನಿತ್ತು? ನಮ್ಮ ಕಡೆ ಬೀದಿಯಲ್ಲಿ ಹೆಣ ಇದ್ದರೆ ಬೀದಿಯವರೆಲ್ಲ ಒಲೆ ಹಚ್ಚುವುದಿಲ್ಲ. ಬಸುರಿಯ ಗಂಡನಾದವನು ಹೆಣಕ್ಕೆ ಹೆಗಲು ಕೊಡುವುದಿಲ್ಲ. ಇಲ್ಲಿ ಬಸುರಿಯ ಗಂಡನನ್ನೇ ಮಲಗಿಸಿ ಕಟ್ಟಿದ್ದೆ. ಹಂಡೆಯಲ್ಲಿ ಉಂಡೆಗಳು ಬೆಚ್ಚಗಿನ ನೀರಿನಲ್ಲಿ ಕೂತಿದ್ದವು. ಶಾವಿಗೆ ಉಂಡೆ ಬಿಸಿ ಆರಿದರೆ ಒತ್ತುವ ಒರಳಿನಲ್ಲಿ ಇಳಿಯುವುದಿಲ್ಲ. ಬಸುರಿ ಅಲ್ಲಿರಲಿಲ್ಲ. ಬ್ಯಾಗು ತೆಗೆದುಕೊಂಡು ಗೇಟು ದಾಟಿದಳು ಎಂದರು.

ನಡುಮನೆಗೆ ಬಂದರೆ ಅಲ್ಲಿ ಇನ್ನೊಂದು ರಂಪ. ದಾರ ತೆಗೆದರೆ ಗಲಾಟೆ ಮುಗಿಯುತ್ತದೆ ಎಂದು ಮ್ಯಾನೇಜರು ಕತ್ತರಿ ಹಿಡಿದು ಅವನ ಕಾಲ ಹತ್ತಿರ ಕೂತಿದ್ದಾರೆ. ಇವನು ಗಲ್ಲಕ್ಕೆ ಕಟ್ಟಿದ ಬಟ್ಟೆಯೊಳಗಿಂದಲೇ ಕಿರುಚುತ್ತಿದ್ದಾನೆ.

"ಮುಟ್ಬೇಡಿ ಸಾರ್! ಮನೆಯೊಳ್ಗೆ ಕತ್ತರಿಸ್ಬೇಡಿ! ಅದನ್ನ ಗುಂಡಿ ಹತ್ರಾನೇ ಬಿಚ್ಚೋದು!"

"ಲೋ, ದಾರ ಕಣೋ ಅದು!"

"ನಿಮ್ಮ ಕಾಲಿಗೆ ಕಟ್ಕಳ್ಳಿ, ಆಗ ನೋಡಾಣ!"

ಆಟದ ಹುಡುಗಿ ಕೈಗಡಿಯಾರ ನೋಡುತ್ತಿದ್ದಳು. ಮೇಲೆ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು, ತಿಂಡಿ ಮುಗಿಯುತ್ತಾ ಬಂದಿತ್ತು. "ಅವನು ಎದ್ದರೆ ನನ್ನ ಕಾರ್ಯಕ್ರಮ ಮುಗಿಯಿತು. ಎದ್ದು ಹೋದರೆ ಅವನ ಕೆಲಸವೂ ಇಲ್ಲ ಅಂತ ಹೇಳಿ ಸರ್" ಎಂದಳು. ಮ್ಯಾನೇಜರು ಹಾಗೆಯೇ ಹೇಳಿದರು. ಇವನು ಏಳಲೂ ಇಲ್ಲ, ಮಲಗಲೂ ಇಲ್ಲ, ಮೊಣಕೈ ಊರಿ ನನ್ನನ್ನೇ ನೋಡಿದ.

"ಅಜ್ಜಿ, ಅವ್ಳೆಲ್ಲಿ?"

ನಾನು ಸೀದಾ ಬಸ್ಸು ನಿಲ್ಲುವ ಜಾಗಕ್ಕೆ ಹೋದೆ. ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು, ಎರಡೂ ಕೈ ಹೊಟ್ಟೆಯ ಕೆಳಗೆ ಕೊಟ್ಟುಕೊಂಡು.

"ಎಲ್ಲಿಗೇ?"

"ಬುಕ್ಕಾಂಬುಧಿಗೆ. ಅವ್ವನ ಮನೆಗೆ."

"ಯಾರ್ದೋ ಹುಚ್ಚಾಟಕ್ಕೆ ಅವ್ನು ಮಲಗ್ದ ಅಂತ ಸಂಸಾರ ಬಿಟ್ಟೋಗ್ತೀಯಾ?"

"ಅವ್ನು ಮಲಗಿದ್ದಕ್ಕಲ್ಲ." ನನ್ನ ಕಡೆ ತಿರುಗಲೇ ಇಲ್ಲ. "ಆ ಬೆಂಗ್ಳೂರವ್ಳು ಕಟ್ಟಿದ್ರೆ ನಗ್ತಿದ್ದೆ. ಮ್ಯಾನೇಜರ್ ಕಟ್ಟಿದ್ರೂ ನಗ್ತಿದ್ದೆ. ನೀವು ಕಟ್ಟಿದ್ರಿ. ನಮ್ಮತ್ತೆಗೆ ಕಟ್ಟಿದ್ದೂ ನೀವೇ. ನಿಮ್ಮ ಕೈ ಕಟ್ಟಿದ ಮೇಲೆ ಎದ್ದೋರು ಯಾರವ್ರೆ ಹೇಳಿ?"

ನಾನು ಯಾವ ಶಾಸ್ತ್ರವನ್ನೂ ನಂಬುವವಳಲ್ಲ. ಕೆಲಸ ಗೊತ್ತಿದೆ, ಮಾಡುತ್ತೇನೆ, ಕೈ ತೊಳೆದುಕೊಂಡು ಮುದ್ದೆ ಉಣ್ಣುತ್ತೇನೆ. ಆದರೆ ಅವಳು ಹೊಟ್ಟೆ ಹಿಡಿದು ಕೂತಿದ್ದ ರೀತಿ ನೋಡಿದೆ. ಹಿಂದಿನ ಎರಡು ಸಲವೂ ಹೀಗೇ ಕೂತಿದ್ದಳಂತೆ. ಈ ಹೆದರಿಕೆಯನ್ನು ಹೊತ್ತುಕೊಂಡು ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋದರೆ ಏನೂ ಆಗಬಹುದು. ಆದರೆ ಅದಕ್ಕೆ ಕಾರಣ ದಾರವಲ್ಲ, ಹೆದರಿಕೆ. ನನಗೆ ಅದು ಬೇರೆ, ಅವಳಿಗೆ ಎರಡೂ ಒಂದೇ.

"ಕಟ್ಟಿದ್ದಕ್ಕೆ ಬಿಚ್ಚೋ ಶಾಸ್ತ್ರಾನೂ ಐತೆ ಕಣೇ" ಎಂದೆ.

"ಯಾವ್ದು?"

"ಸತ್ತ ಅಂತ ಮಲಗಿಸ್ದೋನು ಎದ್ದು ಕೂತ್ರೆ ಮಾಡೋದು. ನಮ್ಮಜ್ಜಿ ಮಾಡಿದ್ದನ್ನ ನೋಡಿವ್ನಿ."

ನಮ್ಮಜ್ಜಿ ಅಂಥದ್ದೇನೂ ಮಾಡಿರಲಿಲ್ಲ. ಅವಳನ್ನು ಎಬ್ಬಿಸಿ ರಸ್ತೆಯಿಂದ ಹಿತ್ತಲವರೆಗೆ ನಡೆಸಿಕೊಂಡು ಬರುವಷ್ಟು ಹೊತ್ತಿನಲ್ಲಿ ಅದನ್ನು ಹೊಸೆದೆ.

ದಾರವನ್ನು ಗುಂಡಿಯ ಹತ್ತಿರವೇ ಬಿಚ್ಚಬೇಕು ಎಂದರೆ ಗುಂಡಿ ಬೇಕು. ಹಿತ್ತಲಲ್ಲಿ ತೆಂಗಿನ ಸಸಿಗೆ ಗುಂಡಿ ತೆಗೆಸಿದ್ದರು. ಅಲ್ಲಿಯವರೆಗೆ ಅವನು ನಡೆಯುವ ಹಾಗಿಲ್ಲ. ಹೊರಬೇಕು ಎಂದರೆ ಹೆಗಲು ಕೊಡಲು ಯಾರೂ ಒಪ್ಪಲಿಲ್ಲ. ಚಟ್ಟ ಎಂಬ ಮಾತು ತೆಗೆಯುವುದಕ್ಕೂ ನನಗೆ ಇಷ್ಟವಿರಲಿಲ್ಲ. ಬಾಗಿಲಲ್ಲಿ ಹೋಟೆಲಿನ ಸೂಟ್‌ಕೇಸು ಸಾಗಿಸುವ ಗಾಡಿ ನಿಂತಿತ್ತು. ಹಿತ್ತಾಳೆ ಕಂಬಿ, ಕೆಂಪು ಹಾಸು, ನಾಲ್ಕು ಚಕ್ರ.

"ಇದ್ರ ಮೇಲೆ ಕೂರ್ಸಿ ಸಾರ್" ಎಂದೆ ಮ್ಯಾನೇಜರಿಗೆ.

"ಅಜ್ಜಿ, ಅತಿಥಿಗಳು ನೋಡ್ತಾರೆ."

"ನೋಡ್ಲಿ. ಇಲ್ದಿದ್ರೆ ಮಧ್ಯಾಹ್ನ ಅವ್ರಿಗೆ ಊಟ ಇಲ್ಲ, ನಿಮ್ಗೆ ಅಡುಗೆಯವ್ರಿಲ್ಲ. ಯಾವ್ದು ಬೇಕು?"

ಮ್ಯಾನೇಜರು ಒಂದು ಗಳಿಗೆ ಹುಡುಗಿಯ ಮುಖ ನೋಡಿದರು, ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಅಂಗಿಯ ತೋಳು ಮಡಿಸಿದರು. ಅವನನ್ನು ಗಾಡಿಯ ಮೇಲೆ ಕೂರಿಸಿದೆವು. ಕಾಲು ಮುಂದಕ್ಕೆ ಚಾಚಿತ್ತು, ಹಣೆಯ ನಾಣ್ಯ ಬೆವರಿಗೆ ಅಂಟಿಕೊಂಡೇ ಇತ್ತು. ಮ್ಯಾನೇಜರು ತಳ್ಳಿದರು, ನಾನು ಮುಂದೆ ನಡೆದೆ. ಹಿತ್ತಲ ಜಲ್ಲಿಯ ಮೇಲೆ ಚಕ್ರ ಸಿಕ್ಕಿಕೊಂಡಾಗ ಇವನು "ನಿಧಾನ ಸಾರ್, ಬಿದ್ರೆ ನಿಜ್ವಾಗ್ಲೂ ಹೋಗ್ತೀನಿ" ಎಂದ.

ಮಹಡಿಯ ಬಾಲ್ಕನಿಯಲ್ಲಿ ಎಲ್ಲರೂ ಇಡ್ಲಿ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲ ಆಟದ ಭಾಗವೇ ಎಂದುಕೊಂಡಿದ್ದರು.

ಗುಂಡಿಯ ಅಂಚಿನಲ್ಲಿ ಕುಡುಗೋಲಿನಿಂದ ದಾರ ಕೊಯ್ದೆ, ಗುಂಡಿಗೆ ಹಾಕಿದೆ, ಕಾಲಿನಿಂದ ಮಣ್ಣು ತಳ್ಳಿದೆ. ಬೋರಿನ ಪೈಪು ಹಿಡಿದು ತಲೆಯ ಮೇಲೆ ನೀರು ಬಿಟ್ಟೆ. ಕೋಟು ಒದ್ದೆಯಾಗುತ್ತೆ ಎಂದು ಆಟದ ಹುಡುಗಿ ಕೂಗಿದಳು, ಅದು ಬಾಡಿಗೆಯದಂತೆ. ಒದ್ದೆ ಆಗಲಿ ಎಂದೇ ಬಿಟ್ಟೆ.

ಇನ್ನು ಉಳಿದದ್ದು ಅವನು ಮನೆಯೊಳಗೆ ಬರುವುದು. ಬಸುರಿಯನ್ನು ಅಡುಗೆಮನೆಯ ಬಾಗಿಲ ಒಳಗೆ ನಿಲ್ಲಿಸಿ, ಹೊಸ ದೀಪ ಹಚ್ಚಿಸಿ, ಬಾಗಿಲು ಮುಚ್ಚಿಸಿದ್ದೆ. ಅವನು ತಟ್ಟಬೇಕು, ಅವಳು ಯಾರು ಎನ್ನಬೇಕು, ಅವನು ಹೆಸರು ಹೇಳಬೇಕು, ಅವಳು ತೆಗೆಯಬೇಕು. ಇದನ್ನೂ ನಾನೇ ಕಟ್ಟಿದ್ದು. ಚಳಿಗೆ ಹಲ್ಲು ಕಟಕಟ ಎನ್ನುತ್ತಾ ಅವನು ತಟ್ಟಿದ.

"ಯಾರು?" ಒಳಗಿಂದ ಅವಳು ಕೇಳಿದಳು.

"ರೂಮ್ ಸರ್ವೀಸ್" ಎಂದ.

ದಿನಾ ಬಾಗಿಲು ತಟ್ಟಿ ಅದೇ ಅಭ್ಯಾಸ. ನಾನು ಬೆನ್ನಿಗೆ ಗುದ್ದಿದೆ. ಒಳಗೆ ಮೊದಲು ಮಸಾಲೆ ರುಬ್ಬುವವಳು ನಕ್ಕಳು, ಅವಳ ಹಿಂದೆಯೇ ಬಸುರಿಯೂ ನಕ್ಕಳು, ಬಾಗಿಲು ತೆಗೆದಳು. ಅವಳೇ ದೀಪದಿಂದ ಒಲೆ ಹಚ್ಚಿದಳು.

ಉಂಡೆಗಳು ಕೆಟ್ಟಿದ್ದವು. ಮತ್ತೆ ಬೇಯಿಸಿದರೆ ಹೊರಗೆ ಲೋಳೆ, ಒಳಗೆ ಕಲ್ಲು. ಒರಳಿಗೆ ಹಾಕಿ ಒತ್ತಿದರೆ ಹಿಡಿ ಬಾಗಿತೇ ಹೊರತು ಎಳೆ ಇಳಿಯಲಿಲ್ಲ. ಎಲ್ಲವನ್ನೂ ಹಿಸುಕಿ ಪುಡಿ ಮಾಡಿ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ, ಕಾಯಿ ತುರಿ ಉದುರಿಸಿ ಕಳಿಸಿದೆ. ಹಳೆ ಕಾಲದ ತಿಂಡಿ ಎಂದು ಅವರು ಫೋಟೋ ತೆಗೆದುಕೊಂಡರು.

ಆಟದ ಹುಡುಗಿ ಮೊದಲು ಅತ್ತಳು, ಆಮೇಲೆ ಮುಖ ತೊಳೆದು ಕತೆ ತಿರುಗಿಸಿದಳು. ಹೆಣ ಕದ್ದೊಯ್ದಿದ್ದಾರೆ, ಯಾಕೆ ಎಂದು ಕಂಡುಹಿಡಿಯಿರಿ ಎಂದಳು. ಕದ್ದವಳನ್ನು ಎಲ್ಲರೂ ಕಣ್ಣಾರೆ ಕಂಡಿದ್ದರಲ್ಲ, ಸಂಜೆಯವರೆಗೆ ನನ್ನ ಬೆನ್ನು ಬಿಡಲಿಲ್ಲ. ಸ್ಪೋರ್ಟ್ಸ್ ಶೂ ಹಾಕಿದ್ದ ಹೆಂಗಸೊಬ್ಬಳು ಪಾತ್ರೆ ತೊಳೆಯುವಲ್ಲಿಗೇ ಬಂದಳು.

"ಯಾಕಮ್ಮ ಅವರನ್ನ ಹೊರಗೆ ಸಾಗಿಸಿದ್ರಿ?"

"ಮನೇಲಿ ಬಸುರಿ ಇದ್ಲು, ಅದಕ್ಕೆ."

"ಬಸುರಿಗೂ ಚಿಕ್ಕ ಯಜಮಾನರಿಗೂ ಏನು ಸಂಬಂಧ?"

"ಮಗು ಅವನದೇ."

ಅವಳ ಕಣ್ಣು ಅರಳಿತು. ಸಂಜೆ ತೀರ್ಪು ಹೇಳಿದರು. ಅಡುಗೆಯವಳ ಮಗುವಿಗೆ ಆಸ್ತಿ ಬರಲಿ ಎಂದು ಮುದುಕಿ ಯಜಮಾನನನ್ನು ಕೊಂದಳಂತೆ. ನಾನು ಸುಳ್ಳು ಹೇಳಿರಲಿಲ್ಲ. ಅವರು ಚಪ್ಪಾಳೆ ತಟ್ಟಿಕೊಂಡು ಕಾರು ಹತ್ತಿದರು.

ಸೋಮವಾರ ಮ್ಯಾನೇಜರು ಅವನನ್ನು ಕಾಯಂ ಮಾಡುತ್ತೇನೆ ಎಂದರು, ಆದರೆ ಒಂದು ಕೊಕ್ಕೆ ಇಟ್ಟರು. ತಿಂಗಳಿಗೊಂದು ಸಲ ಆಟ ಇರುತ್ತದೆ, ಹೆಣ ಅವನೇ ಆಗಬೇಕು. ಅವನು ತಲೆ ಬಗ್ಗಿಸಿ ನಿಂತ. ಹೆಂಡತಿ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಬೇಡ ಎಂದರೆ ಕೆಲಸ ಹೋಯಿತು, ಹೂಂ ಎಂದರೆ ಅವಳು ಹೋದಳು.

"ನನ್ನ ಮಲಗಿಸಿ" ಎಂದೆ.

"ನಿಮ್ಮನ್ನಾ?"

"ಮೀಸೆ ಇರೋನೇ ಸಾಯ್ಬೇಕಾ? ಹಿರೀ ಯಜಮಾನಿ ಅನ್ನಿ. ನನ್ನ ಗಂಡ ಹೋಗಿ ಆಯ್ತು, ಮಕ್ಕಳು ಮೊಮ್ಮಕ್ಕಳು ಅವರವರ ಪಾಡಿಗವ್ರೆ. ನಾನು ಮಲಗಿದ್ರೆ ಯಾರ ಹೊಟ್ಟೆಗೂ ಏನಾಗಲ್ಲ. ದಾರಗೀರ ಮಾತ್ರ ಬೇಡ."

"ಅಡುಗೆ ಯಾರು ಮಾಡೋದು ಅಜ್ಜಿ?"

"ಸಾಯೋಕೆ ಮುಂಚೆ ಮಾಡಿಟ್ಟಿರ್ತೀನಿ."

ಹೀಗೆ ಅವನ ಕೆಲಸ ಉಳಿಯಿತು. ಉಳಿಯದೆ ಹೋದದ್ದು ನನ್ನ ನೆಮ್ಮದಿ. ಅವಳಿಗೆ ಸಮಾಧಾನವಾಗಲಿ ಎಂದು ಕಟ್ಟಿದ ಶಾಸ್ತ್ರ ಅವಳಿಗೆ ಸಮಾಧಾನವನ್ನೇ ಕೊಟ್ಟಿತು. ಚೆನ್ನಾಗಿ ಉಂಡಳು, ನಿದ್ದೆ ಮಾಡಿದಳು. ತಳಮಳ ಬಂದು ನನ್ನಲ್ಲಿ ಕೂತಿತು. ಈ ಸಲವೂ ನಿಲ್ಲದೆ ಹೋದರೆ ಅಜ್ಜಿಯ ಶಾಸ್ತ್ರ ಸುಳ್ಳಾಯಿತು ಎನ್ನುತ್ತಾಳೆ, ಅಥವಾ ಅಜ್ಜಿಯ ಗಂಟು ನಿಜವಾಯಿತು ಎನ್ನುತ್ತಾಳೆ. ಯಾವುದಾದರೂ ನನ್ನ ಮೇಲೆಯೇ. ಬೆಳಿಗ್ಗೆ ಬಸ್ಸಿಳಿದರೆ ಮೊದಲು ಅವಳ ಚಪ್ಪಲಿ ಬಾಗಿಲಲ್ಲಿದೆಯೇ ನೋಡುತ್ತಿದ್ದೆ. ತರೀಕೆರೆ ಆಸ್ಪತ್ರೆಯ ಡಾಕ್ಟರಮ್ಮ ರಕ್ತ ಕಡಿಮೆ ಎಂದಿದ್ದರು. ನುಗ್ಗೆಸೊಪ್ಪು ಬಸಿದು ಎದುರಿಗೆ ಕೂತು ತಿನ್ನಿಸಿದೆ.

"ಸಾಕಜ್ಜಿ, ಬಾಯೆಲ್ಲ ನುಗ್ಗೆ ವಾಸನೆ."

"ಮುಚ್ಕೊಂಡು ತಿನ್ನೇ."

ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು ಆ ದಿನಗಳಲ್ಲೇ. ಮ್ಯಾನೇಜರು ಕೇಳಿದ್ದಕ್ಕೆ ಉಪ್ಪು ಬದಲಾಗಿದೆ ಎಂದೆ.

ಮೊದಲ ಸಲ ನಾನು ಹೆಣವಾದಾಗ ಸುಲಭವಾಗಿರಲಿಲ್ಲ. ಸುಮ್ಮನೆ ಮಲಗುವುದು ನನಗೆ ಅಭ್ಯಾಸವಿಲ್ಲ. ಮೂಗಿನ ಮೇಲೆ ನೊಣ, ಬೆನ್ನ ಕೆಳಗೆ ಚಾಪೆಯ ಕಡ್ಡಿ, ಅಡುಗೆಮನೆಯಿಂದ ಸೀದ ವಾಸನೆ. ಬಂದವರು ನನ್ನ ಉಗುರು ಎತ್ತಿ ನೋಡಿ, "ವಿಷ, ನೋಡಿ ಕಪ್ಪಾಗಿದೆ" ಎಂದರು. ಅದು ಬಾಳೆಕಾಯಿ ಹೆಚ್ಚಿದ ಕರೆ.

ಎರಡನೆಯ ಸಲದ ಆಟದ ದಿನ ಬೆಳಿಗ್ಗೆ ನೋವು ಬಂತು ಎಂದು ಅವಳನ್ನು ತರೀಕೆರೆಗೆ ಕರೆದುಕೊಂಡು ಹೋದರು. ಏನಾದರೂ ನನಗೇ ಮೊದಲು ಫೋನು ಮಾಡು ಎಂದು ಗಂಡನಿಗೆ ಹೇಳಿ ಕಳಿಸಿದೆ. ಫೋನು ಇಟ್ಟುಕೊಳ್ಳಬೇಡಿ ಎಂದು ಆಟದ ಹುಡುಗಿ ಹೇಳಿದ್ದಳು. ನಾನು ಸೀರೆಯ ನೆರಿಗೆಯ ಒಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗಿದೆ. ಕಣ್ಣು ಮುಚ್ಚಿದರೆ ಬಸ್ಸು ನಿಲ್ಲುವಲ್ಲಿನ ಕಲ್ಲಿನ ಮೇಲೆ ಅವಳು ಕೂತ ರೀತಿ. ಎಷ್ಟು ಹೊತ್ತಾಯಿತೋ, ಫೋನು ಸುಮ್ಮನೆ ಇತ್ತು. ಸುತ್ತ ನಿಂತವರು ಸೊಸೆಯ ಮೇಲೆ ಅನುಮಾನ, ತೋಟದವನ ಮೇಲೆ ಅನುಮಾನ ಎಂದು ಚರ್ಚೆ ಮಾಡುತ್ತಿದ್ದರು. ನನಗೆ ಉಸಿರು ಹಿಡಿದು ಮಲಗುವುದಾಗಲಿಲ್ಲ. ಎದೆ ಏರಿಳಿಯುತ್ತಿದೆ ಎಂದು ಯಾರೋ ಹುಡುಗ ನಕ್ಕ.

ಆಗ ಸೊಂಟದಲ್ಲಿ ಫೋನು ಹೊಡೆದುಕೊಂಡಿತು.

"ಕ್ಲೂ! ಕ್ಲೂ!" ಎಂದು ಎಲ್ಲರೂ ಬಗ್ಗಿದರು. ನಾನು ಎದ್ದು ಕೂತೆ. ಒಬ್ಬಳು ಕಿರುಚಿ ಹಿಂದಕ್ಕೆ ಬಿದ್ದಳು. ಹಣೆಯ ನಾಣ್ಯ ಉರುಳಿ ಎಲ್ಲಿಗೋ ಹೋಯಿತು. ಫೋನು ಕಿವಿಗಿಟ್ಟುಕೊಂಡರೆ ಆ ಕಡೆ ಅವನ ಬಿಕ್ಕು ಬಿಟ್ಟು ಬೇರೇನೂ ಇಲ್ಲ.

"ಏನಾಯ್ತೋ? ಅವ್ಳು ಹೆಂಗವ್ಳೆ? ಹೇಳೋ!"

ಬಿಕ್ಕು.

"ಲೇ, ಬಾಯ್ ಬಿಡೋ ಮುಂಡೇದೆ! ಮಗು ಅತ್ತಿತಾ?"

ಅವನು ಫೋನನ್ನು ಕಿವಿಯಿಂದ ತೆಗೆದು ಬೇರೆ ಕಡೆ ಹಿಡಿದ ಎಂದು ಕಾಣುತ್ತದೆ. ಮೊದಲು ಕೇಳಿದ್ದು ಅವಳ ದನಿ, ಸುಸ್ತಾದ ದನಿ, "ಅಜ್ಜಿಗೆ ಕೇಳಿಸ್ರೀ" ಎಂದು. ಅದರ ಹಿಂದೆಯೇ ಮಗು ಅತ್ತಿತು. ಗಂಟಲು ಹರಿಯುವ ಹಾಗೆ, ಯಾರ ಮುಲಾಜೂ ಇಲ್ಲದೆ, ಉಸಿರು ಎಳೆದುಕೊಂಡು ಮತ್ತೆ ಮತ್ತೆ.

ಹೆಣ್ಣೋ ಗಂಡೋ ನಾನು ಕೇಳಲಿಲ್ಲ. ನಡುಮನೆಯಲ್ಲಿ ಎಲ್ಲರೂ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಆಟದ ಹುಡುಗಿ ಮಲಗಿ, ಮಲಗಿ ಎಂದು ಕೈಸನ್ನೆ ಮಾಡುತ್ತಿದ್ದಳು.

"ಇವತ್ತು ಯಾರೂ ಸತ್ತಿಲ್ಲ" ಎಂದೆ ಅವರಿಗೆ. "ಕೈ ತೊಳ್ಕೊಂಡು ಬನ್ನಿ, ಎಲೆ ಹಾಕಿಸ್ತೀನಿ."